ಹದಿನೇಳನೆಯ ಹಾಳೆಯ ಕೈ

ಗುಡ್ಡದ ಬುಡದಲ್ಲಿ ಕಟ್ಟಿದ ನಕಲು ಗುಹೆಯನ್ನು ತೋರಿಸಲು ಭಾವ ನನ್ನನ್ನು ಕರೆದುಕೊಂಡು ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ಅವರು ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಬೂಟಿಗೆ ಪಾಲಿಷ್ ಹಾಕಿದ್ದರು, ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಎಪ್ಪತ್ತರ ಹತ್ತಿರ ಬಂದ ಮನುಷ್ಯ ಹಾಗೆ ನಡೆಯುವುದಕ್ಕೆ ಕಾರಣವಿತ್ತು.

ಮೇಲಿನ ನಿಜವಾದ ಗುಹೆಯನ್ನು ಬರುವ ತಿಂಗಳಿನಿಂದ ಮುಚ್ಚುವುದೆಂದು ಪುರಾತತ್ವ ಇಲಾಖೆ ತೀರ್ಮಾನಿಸಿತ್ತು. ದಿನಕ್ಕೆ ಸಾವಿರ ಜನ ಒಳಗೆ ಹೋಗಿ ಉಸಿರಾಡಿದರೆ ಆ ತೇವಕ್ಕೆ ಗೋಡೆಯ ಗಾರೆ ಹಕ್ಕಳೆ ಏಳುತ್ತದೆ. ಒಂದೂವರೆ ಸಾವಿರ ವರ್ಷ ತಾಳಿದ ಬಣ್ಣ ಇನ್ನು ಐವತ್ತು ವರ್ಷ ತಾಳಲಾರದು ಎಂದು ಪರೀಕ್ಷೆ ಮಾಡಿದವರು ಬರೆದುಕೊಟ್ಟಿದ್ದರು. ಇನ್ನು ಮುಂದೆ ಬಂದವರು ನೋಡಬೇಕಾದದ್ದು ಕೆಳಗಿನ ಸಿಮೆಂಟಿನ ಗುಹೆಯನ್ನು. ಅದರ ಗೋಡೆಯ ಚಿತ್ರಗಳಿಗೆಲ್ಲ ಆಧಾರವಾದದ್ದು, ಮೂವತ್ತನಾಲ್ಕು ವರ್ಷಗಳ ಹಿಂದೆ ಇಲಾಖೆಯ ಪ್ರತಿಗಾರರಾಗಿದ್ದ ನನ್ನ ಭಾವ ಮೂಲದ ಅಳತೆಯಲ್ಲೇ ಬರೆದ ನಲವತ್ತೊಂದು ಹಾಳೆಗಳು. ಗುರುವಾರ ಅಧಿಕಾರಿಯೊಬ್ಬರು ಬಂದು, ‘ಮೂಲಕ್ಕೆ ಸರಿಯಾಗಿದೆ’ ಎಂದು ಭಾವನಿಂದ ಸಹಿ ಪಡೆದು, ಗೋಡೆಗೆ ವಾರ್ನಿಷ್ ಹೊಡೆಸುವವರಿದ್ದರು. ಬಾಗಿಲ ಪಕ್ಕದಲ್ಲಿ ನಿಲ್ಲಿಸುವ ಕಲ್ಲು ಕೆತ್ತಿ ತಯಾರಾಗಿತ್ತು. ಅದರ ಮೇಲೆ ಭಾವನ ಹೆಸರಿತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಆ ಹೆಸರನ್ನು ಹಾಜರಿ ಪುಸ್ತಕದ ಹೊರಗೆ ಯಾರೂ ಬರೆದಿರಲಿಲ್ಲ.

ನಕಲು ಗುಹೆಯೊಳಗೆ ಹಸಿ ಸುಣ್ಣ ಮತ್ತು ಅಂಟಿನ ವಾಸನೆ ತುಂಬಿತ್ತು. ಬಣ್ಣದ ಮೇಸ್ತ್ರಿ ಅಟ್ಟಣಿಗೆಯಿಂದ ಇಳಿದು ಬಂದಳು. ಆರು ಜನ ಚಿತ್ರಗಾರರ ಮೇಲ್ವಿಚಾರಣೆ ಅವಳದು. ಒಂದು ಕಾಲದಲ್ಲಿ ಭಾವನ ಬಳಿ ಕೆಲಸ ಕಲಿತವಳು.

“ಇವರು ಯಾರು ಸರ್?”

“ನನ್ನ ಹೆಂಡತಿ ತಮ್ಮ. ನಾನು ಪ್ರತಿ ಮಾಡುವಾಗ ಒಳಗೆ ಬೆಳಕು ಹಿಡಿದವನು ಇವನೇ.”

“ಅಯ್ಯೋ, ನೀವೇನಾ! ಇಷ್ಟು ವರ್ಷ ಎಲ್ಲಿದ್ರಿ?”

“ಎಲ್ಲಿರಲಿಲ್ಲ ಅಂತ ಕೇಳಮ್ಮ,” ಎಂದರು ಭಾವ. “ಹಡಗುಕಟ್ಟೆ, ಸರ್ಕಸ್ಸು, ಐಸ್ ಫ್ಯಾಕ್ಟರಿ, ಲಾರಿ. ಇವನ ಕಾಲಲ್ಲಿ ಚಕ್ರ ಇದೆ. ಇವನನ್ನ ಒಂದು ಕಡೆ ಅಲುಗಾಡದ ಹಾಗೆ ಕೂರಿಸಿದ್ದು ಲೋಕದಲ್ಲಿ ನಾನೊಬ್ಬನೇ.”

ಅದು ನಿಜ. ಆಗ ಗುಡ್ಡದ ಮೇಲೆ ವಿದ್ಯುತ್ತಿರಲಿಲ್ಲ. ಹೊಗೆಯಾಗುತ್ತದೆಂದು ದೀಪ ಹಚ್ಚುವುದಕ್ಕೆ ಅಪ್ಪಣೆಯಿರಲಿಲ್ಲ. ಗುಹೆಯ ಬಾಯಿಗೆ ನೇರವಾಗಿ ಬಿಸಿಲು ಬೀಳುತ್ತಿದ್ದದ್ದು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ. ಆ ಒಂದು ಗಂಟೆ ಅಕ್ಕ ಹೊರಗೆ ಆಳೆತ್ತರದ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸುತ್ತಿದ್ದಳು. ಒಳಗೆ ನಾನು ಕಂಬದ ಪೀಠದ ಮೇಲೆ ಕುಳಿತು, ಬಿಳಿಯ ಬಟ್ಟೆ ಬಿಗಿದ ಮರದ ಚೌಕಟ್ಟಿನಿಂದ ಆ ಬಿಸಿಲನ್ನು ಸೋಸಿ ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ಹರಡುತ್ತಿದ್ದೆ. ಸೂರ್ಯ ಸರಿದಂತೆಲ್ಲ ಅಕ್ಕ ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಬೆಳಕು ಇದ್ದಲ್ಲೇ ಇರುವಂತೆ ನೋಡಿಕೊಳ್ಳುತ್ತಿದ್ದಳು. ಕಣ್ಣಿಗೆ ಹೊಡೆಯುವ ಆ ಪ್ರಖರತೆ ತಾಳಲಾರದೆ ನಾನು ಟವೆಲನ್ನು ಕಣ್ಣಿಗೆ ಬಿಗಿದುಕೊಂಡು ಕುಳಿತಿರುತ್ತಿದ್ದೆ. ಭಾವ ‘ಮೇಲೆ’ ಎಂದರೆ ಮೇಲೆ, ‘ಕೆಳಗೆ’ ಎಂದರೆ ಕೆಳಗೆ, ‘ಕದಲಬೇಡ’ ಎಂದರೆ ಕಲ್ಲು. ಹಾಗೆ ಎರಡು ವರ್ಷ ಕುಳಿತರೂ ನಾನು ಗೋಡೆಯನ್ನು ಸರಿಯಾಗಿ ನೋಡಿದವನಲ್ಲ. ಕೊನೆಯ ಹಾಳೆ ಮುಗಿದ ವಾರವೇ ಊರು ಬಿಟ್ಟೆ. ಹಾಳೆಗಳು ರಾಜಧಾನಿಯ ಕಪಾಟು ಸೇರಿದವು.

ಗೋಡೆಯನ್ನು ಮುಟ್ಟುವಂತಿಲ್ಲವಾದ್ದರಿಂದ ಭಾವ ಅದರ ಮುಂದೆ ನೂಲಿನ ಚೌಕಗಳ ಜಾಲರಿ ನಿಲ್ಲಿಸಿ, ಒಂದೊಂದು ಚೌಕದಲ್ಲಿ ಕಂಡದ್ದನ್ನು ಹಾಳೆಯ ಚೌಕಕ್ಕೆ ಇಳಿಸುತ್ತಿದ್ದರು. ಅವರ ನಿಯಮ ಒಂದೇ: ಕಂಡದ್ದನ್ನು ಬರೆ, ಕಾಣದ್ದನ್ನು ಬಿಡು. ಅರ್ಧ ಅಳಿಸಿದ ಹುಬ್ಬನ್ನು ಊಹೆಯಿಂದ ಪೂರ್ತಿ ಮಾಡಿದ ಶಿಷ್ಯನೊಬ್ಬನ ಹಾಳೆಯನ್ನು ಅವನ ಮುಂದೆಯೇ ಹರಿದು ಹಾಕಿದ ಪುಣ್ಯಾತ್ಮರು ಅವರು.

“ಹದಿನೇಳನೇ ಹಾಳೇದು ಮುಗಿದಿದೆ, ನೋಡಿ ಸರ್,” ಎಂದು ಮೇಸ್ತ್ರಿ ಒಳಗಿನ ಗೋಡೆಯ ಮುಂದಿನ ಪರದೆ ಸರಿಸಿದಳು.

ಬುದ್ಧ ಕುಳಿತಿದ್ದಾನೆ; ಕೈಯಲ್ಲಿ ಭಿಕ್ಷಾಪಾತ್ರೆ. ಎಡದಿಂದ ದಾನಿಗಳ ಸಾಲೊಂದು ಅವನ ಕಡೆಗೆ ಬರುತ್ತಿದೆ: ವ್ಯಾಪಾರಿ, ಇಬ್ಬರು ಹೆಂಗಸರು, ಮಗುವನ್ನು ಎತ್ತಿಕೊಂಡ ಮುದುಕ. ಬಲಗಡೆ ಬಣ್ಣವೆಲ್ಲ ಉದುರಿ, ಬರೀ ಗಾರೆ ಉಳಿದ ಜಾಗ. ಆ ಖಾಲಿಯೊಳಗಿಂದ ಒಂದೇ ಒಂದು ಕೈ ಹೊರಬಂದು ಪಾತ್ರೆಯ ಅಂಚಿನ ಕಡೆಗೆ ಬಾಗಿದೆ. ಮೈಯಿಲ್ಲ, ಮುಖವಿಲ್ಲ. ಈ ಕೈ ಬಹಳ ಹೆಸರುವಾಸಿ. ವಿದ್ವಾಂಸರು ಅದನ್ನು ‘ಅದೃಶ್ಯ ದಾನಿ’ ಎಂದು ಕರೆದು ಹದಿನಾಲ್ಕು ಪುಟದ ಲೇಖನ ಬರೆದಿದ್ದರು. ಮೇಲಿನ ಗೋಡೆಯಲ್ಲಿ ಈಗ ಆ ಕೈ ಕಾಣುವುದಿಲ್ಲ. ಪ್ರತಿ ಮಾಡಿದ ಮೇಲೆ ಮಾಸಿಹೋಗಿರಬೇಕೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಗೋಡೆ ಕಳೆದುಕೊಂಡದ್ದನ್ನು ಭಾವನ ಹಾಳೆ ಉಳಿಸಿಕೊಂಡಿದೆ ಎಂಬುದೇ ಆ ನಲವತ್ತೊಂದು ಹಾಳೆಗಳ ಹಿರಿಮೆಯಾಗಿತ್ತು. ಬಾಗಿಲ ಕಲ್ಲಿನ ಮೇಲೆ ಕೂಡ ಅದನ್ನೇ ಕೆತ್ತಿದ್ದರು.

ನಾನು ಆ ಕೈಯನ್ನು ಅಂಚೆ ಕಾರ್ಡುಗಳಲ್ಲಿ ಉಗುರಿನಷ್ಟು ಗಾತ್ರದಲ್ಲಿ ನೋಡಿದ್ದೆ. ಈಗ ಅದು ನನ್ನ ಕೈಯಷ್ಟೇ ದೊಡ್ಡದಾಗಿ ಎದುರಿಗಿತ್ತು. ಕಿರುಬೆರಳು ಮೊದಲ ಗೆಣ್ಣಿನಲ್ಲೇ ಮುಗಿದಿತ್ತು. ಉಂಗುರದ ಬೆರಳು ಪಕ್ಕಕ್ಕೆ ವಾಲಿತ್ತು.

“ಆ ಬೆರಳು ನೋಡಿದ್ರಾ?” ಎಂದಳು ಮೇಸ್ತ್ರಿ. “ಯಾವುದೋ ಬಡ ಕೂಲಿಯವನ ಕೈ ಅಂತಾರೆ. ದುಡಿದು ದುಡಿದು ಬೆರಳು ಹೋಗಿದೆ, ಆದರೂ ಕೊಡೋಕೆ ಬಂದಿದ್ದಾನೆ. ಅದನ್ನ ಬರೆಯುವಾಗ ನನಗೆ ಅಳು ಬಂತು ಸರ್.”

ನಾನು ನನ್ನ ಎಡಗೈಯನ್ನು ಜೇಬಿನೊಳಗೆ ಹಾಕಿಕೊಂಡೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಮುದ್ರಣಾಲಯದ ಕಾಗದ ಕತ್ತರಿಸುವ ಯಂತ್ರಕ್ಕೆ ನಾನು ಕೊಟ್ಟುಬಂದದ್ದು ಸರಿಯಾಗಿ ಅಷ್ಟೇ ಬೆರಳು.

ಮಧ್ಯಾಹ್ನ ಭಾವ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು.

“ಲೋ, ನಿನ್ನ ಕೈಗೇನೋ ಜನ ಮೂವತ್ನಾಲ್ಕು ವರ್ಷ ಕೈ ಮುಗಿದದ್ದು?”

“ಹಾಗೇ ಕಾಣುತ್ತೆ ಅಕ್ಕ.”

“ಒಂದು ದಿನ ಒಂದು ಲೋಟ ನೀರು ಎತ್ತಿ ಕೊಟ್ಟ ಕೈಯಲ್ಲ ಇದು. ದಾನಿ ಅಂತೆ, ದಾನಿ!” ಎಂದವಳೇ ನಗಲು ಶುರುಮಾಡಿದಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬಂದು, ಕೊನೆಗೆ ಸ್ಟೂಲಿನ ಮೇಲೆ ಕುಳಿತಳು. ಆಮೇಲೆ ನಗು ತಾನಾಗಿ ನಿಂತಿತು.

“ನಿಮ್ಮ ಭಾವನಿಗೆ ಹೇಳಿದೆಯಾ?”

“ಇಲ್ಲ. ಹೇಳ್ಬೇಕಾ?”

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಆ ಕಲ್ಲನ್ನ ನೋಡೋಕೆ ದಿನಾ ಸಂಜೆ ಅದನ್ನಿಟ್ಟಿರೋ ಷೆಡ್ಡಿನ ತನಕ ನಡೆದು ಹೋಗ್ತಾರೆ. ವಾಕಿಂಗ್ ಅಂತ ನನಗೆ ಹೇಳ್ತಾರೆ. ಕಾಲು ನೋವು ಅಂತ ಅಂಗಡಿಗೆ ಹೋಗದ ಮನುಷ್ಯ.”

“ಹಾಗಾದ್ರೆ ಸುಮ್ಮನಿರ್ತೀನಿ.”

“ಸುಮ್ಮನಿದ್ರೆ ಮೇಲಿನ ಗುಹೆ ಮುಚ್ಚುತ್ತೆ. ಆಮೇಲೆ ನಿನ್ನ ಕೈಯೇ ಗತಿ, ಎಲ್ಲರಿಗೂ. ನಾಳೆ ದಿನ ಅವರಿಗೆ ಬೇರೆ ಯಾರಿಂದಾದ್ರೂ ಗೊತ್ತಾಗಿ, ನನಗೂ ನಿನಗೂ ಮೊದಲೇ ಗೊತ್ತಿತ್ತು ಅಂತಾದ್ರೆ? ನಿನಗೇನು, ಬ್ಯಾಗ್ ಎತ್ಕೊಂಡು ಹೊರಡ್ತೀಯ. ಆ ಮುಖ ನೋಡ್ಕೊಂಡು ಇರಬೇಕಾದವಳು ನಾನು.” ಅವಳು ಎದ್ದು ಮತ್ತೆ ನಲ್ಲಿ ತಿರುಗಿಸಿದಳು. “ಹೇಳು. ಊಟ ಆದ ಮೇಲೆ ಹೇಳು, ಮೊದಲು ಬೇಡ.”

ನಾನು ಎರಡು ಊಟ ಕಳೆಯಲು ಬಿಟ್ಟೆ. ಮಂಗಳವಾರ ಸಂಜೆ ಭಾವ ಕಲ್ಲು ನೋಡಿ ಬಂದು ಕಾಲು ಚಾಚಿ ಕುಳಿತಿದ್ದಾಗ, ಪೀಠಿಕೆಯಿಲ್ಲದೆ ಎಡಗೈಯನ್ನು ಮೇಜಿನ ಮೇಲಿಟ್ಟೆ.

“ಭಾವ, ಹದಿನೇಳನೇ ಹಾಳೆಯ ಕೈ ಇದು.”

ಅವರು ಕೈಯನ್ನು ನೋಡಿದರು, ನನ್ನನ್ನು ನೋಡಿದರು. “ಕುಡಿದಿದ್ದೀಯಾ?”

“ಇಲ್ಲ. ನಾನು ಚೌಕಟ್ಟಿನ ಮೇಲಂಚನ್ನ ಹೀಗೆ ಹಿಡೀತಿದ್ದೆ, ಬೆರಳು ಮಡಿಸಿ. ಅಂಚಿನ ಮೇಲಿಂದ ತಪ್ಪಿಸಿಕೊಂಡ ಬಿಸಿಲು ನೇರ ಗೋಡೆಗೆ ಹೋಗಿದೆ. ಜೊತೆಗೆ ನನ್ನ ಕೈ ನೆರಳೂ ಹೋಗಿದೆ.”

“ನೆರಳಿಗೂ ಗೆರೆಗೂ ವ್ಯತ್ಯಾಸ ಗೊತ್ತಾಗದವನು ನಾನು?”

“ಬಣ್ಣ ಹೋದ ಜಾಗ ಭಾವ, ಮಬ್ಬು ಬೇರೆ…”

“ಲೋಕದಲ್ಲಿರೋ ಮೊಂಡು ಬೆರಳೆಲ್ಲ ನಿನ್ನದೇ ಏನಯ್ಯ? ಆ ಕಾಲದಲ್ಲಿ ಕೂಲಿಯವರಿರಲಿಲ್ವಾ? ಬೆರಳು ಕಳ್ಕೊಂಡವರಿರಲಿಲ್ವಾ?” ಅವರ ಧ್ವನಿ ಏರಿತು. “ಮೂವತ್ತು ವರ್ಷ ಮುಖ ತೋರಿಸಿಲ್ಲ. ಈಗ ಬಂದವನು, ನನಗೊಂದು ಕಲ್ಲು ಸಿಕ್ಕಿತು ಅಂದ ತಕ್ಷಣ ಅದಕ್ಕೂ ಕೈ ಹಾಕ್ತೀಯಾ?”

“ಅವನು ಬೇಕು ಅಂತ ಹೇಳ್ತಿಲ್ಲ ಕಣ್ರೀ,” ಎಂದಳು ಅಕ್ಕ ಬಾಗಿಲಲ್ಲಿ ನಿಂತು.

“ನಿನಗೂ ಹೇಳಿ ಆಗಿದೆಯಾ! ಸರಿ, ಅಕ್ಕ ತಮ್ಮ ಸೇರಿ ಪಂಚಾಯ್ತಿ ಮುಗಿಸಿದ್ದೀರಿ.” ಅವರು ಎದ್ದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಏನೋ ಕಿರುಗುಟ್ಟುವ ಸದ್ದಿಗೆ ನಾನು ಎದ್ದು ನೋಡಿದರೆ, ಭಾವ ಸ್ಕ್ರೂಡ್ರೈವರ್ ಹಿಡಿದು ಅಕ್ಕನ ಬೀರುವಿನ ಕನ್ನಡಿ ಬಿಚ್ಚುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

“ಒಂದು ತುದಿ ಹಿಡ್ಕೋ. ಬಿದ್ದರೆ ನಿಮ್ಮಕ್ಕ ಇಬ್ಬರನ್ನೂ ಮನೆಗೆ ಸೇರಿಸಲ್ಲ.”

ಹಳೆಯ ಬಿಳಿ ದುಪ್ಪಟಿಯನ್ನು ಮರದ ಪಟ್ಟಿಗಳಿಗೆ ಮೊಳೆ ಹೊಡೆದು ಚೌಕಟ್ಟು ಮಾಡಿದೆವು. ಆಟೋದಲ್ಲಿ ಕನ್ನಡಿಯನ್ನು ಅಕ್ಕನ ಮಡಿಲಿಗೆ ಅಡ್ಡಲಾಗಿಟ್ಟು ಗುಡ್ಡದವರೆಗೆ ಹೋಗಿ, ಅಲ್ಲಿಂದ ಇನ್ನೂರ ಹತ್ತು ಮೆಟ್ಟಿಲು ಹತ್ತಿದೆವು. ಗುಹೆಯ ಕಾವಲುಗಾರ ಭಾವನನ್ನು ಬಲ್ಲವನು. ಕನ್ನಡಿಯನ್ನೂ ಅಕ್ಕನನ್ನೂ ಎರಡು ಸಲ ನೋಡಿದನೇ ಹೊರತು ಏನೂ ಕೇಳಲಿಲ್ಲ.

ಒಳಗೆ ಗೈಡೊಬ್ಬ ಹತ್ತು ಹನ್ನೆರಡು ಜನರಿಗೆ ಬುದ್ಧನ ಬಲಗಡೆಯ ಖಾಲಿ ಜಾಗವನ್ನು ಟಾರ್ಚಿನಿಂದ ತೋರಿಸುತ್ತಿದ್ದ. “ಈಗ ಬರಿಗಣ್ಣಿಗೆ ಕಾಣಲ್ಲ. ಆದ್ರೆ ಮನಸ್ಸಿಟ್ಟು ನೋಡಿ, ಕೈ ತಾನಾಗಿ ಕಾಣುತ್ತೆ.”

“ಹೌದೌದು, ಅಗೋ ಹೆಬ್ಬೆರಳು,” ಎಂದಳು ಒಬ್ಬ ಹೆಂಗಸು.

“ನನಗೆ ಮಣಿಕಟ್ಟೂ ಕಾಣ್ತಿದೆ,” ಎಂದನು ಅವಳ ಗಂಡ, ಹೆಂಡತಿಗಿಂತ ಹಿಂದೆ ಬೀಳಬಾರದೆಂದು.

ಭಾವ ಅವರು ಹೊರಗೆ ಹೋಗುವವರೆಗೆ ಕಂಬಕ್ಕೆ ಒರಗಿ ನಿಂತಿದ್ದರು. ಆಮೇಲೆ ಕಾವಲುಗಾರ ವಿದ್ಯುತ್ ದೀಪ ಆರಿಸಿದ. ಕತ್ತಲು ಒಮ್ಮೆಗೇ ಬಂದು ಗೋಡೆಯನ್ನು ನುಂಗಿತು. ನಾನು ಕಂಬದ ಪೀಠವನ್ನು ತಡವಿ ಕುಳಿತೆ. ಕಲ್ಲಿನಲ್ಲಿ ತಗ್ಗಿದ್ದ ಜಾಗಕ್ಕೆ ಮೈ ತಾನಾಗಿ ಹೊಂದಿಕೊಂಡಿತು. ಎಡಗೈ ಕೇಳದೆಯೇ ಚೌಕಟ್ಟಿನ ಮೇಲಂಚನ್ನು ಹಿಡಿಯಿತು.

“ಬೆಳಕು ಬಿಡೇ!” ಎಂದು ಭಾವ ಹೊರಗೆ ಕೂಗಿದರು.

ಬೆಳಕು ನೀರಿನ ಹಾಗೆ ನುಗ್ಗಿತು. ಮೊದಲು ಚಾವಣಿಗೆ ಹೊಡೆಯಿತು, ನೆಲಕ್ಕೆ ಜಾರಿತು, ಆಮೇಲೆ ನನ್ನ ಎದೆಗೆ ಬಂದು ಚೌಕಟ್ಟಿನಲ್ಲಿ ನಿಂತಿತು. ಅರವತ್ತೈದು ದಾಟಿದ ಅಕ್ಕನ ಕೈ ನಡುಗುತ್ತಿದ್ದರಿಂದ ಗೋಡೆಯ ಮೇಲಿನ ದಾನಿಗಳೆಲ್ಲ ಸ್ವಲ್ಪ ನಡುಗುತ್ತಿದ್ದರು. ಈ ಸಲ ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಲಿಲ್ಲ. ಮುಖವನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಬುದ್ಧನ ಮೊಣಕಾಲಿನ ಬಳಿ, ಬರೀ ಗಾರೆಯ ಮೇಲೆ, ಮೊಂಡು ಕಿರುಬೆರಳಿನ ಒಂದು ಕೈ ಬಿದ್ದಿತ್ತು.

“ಗೇಣುದ್ದ ಕೆಳಗಿದೆ,” ಎಂದರು ಭಾವ. ಅವರ ಧ್ವನಿಯಲ್ಲಿ ಒಂದಿಷ್ಟು ಆಸೆ ಇತ್ತು.

“ಆಗ ನಾನು ನೆಟ್ಟಗೆ ಕೂರ್ತಿದ್ದೆ ಭಾವ. ಈಗ ಬೆನ್ನು ಬಾಗಿದೆ.”

“ಹಾಗಾದ್ರೆ ನೆಟ್ಟಗೆ ಕೂರು.”

ಬೆನ್ನು ನೆಟ್ಟಗೆ ಮಾಡಿ ಚೌಕಟ್ಟನ್ನು ಎತ್ತಿದೆ. ಕೈ ಗಾರೆಯ ಮೇಲೆ ಮೇಲಕ್ಕೆ ಹತ್ತಿ, ಪಾತ್ರೆಯ ಅಂಚಿನ ಹತ್ತಿರ ಹೋಗಿ ನಿಂತಿತು. ಭಾವ ಚೀಲದಿಂದ ಹದಿನೇಳನೆಯ ಹಾಳೆಯ ಜೆರಾಕ್ಸ್ ತೆಗೆದು, ಪಾತ್ರೆಯ ಅಂಚಿನಿಂದ ಅಡ್ಡಕ್ಕೆ ಆರು ಚೌಕ, ಉದ್ದಕ್ಕೆ ಒಂಬತ್ತು ಚೌಕ ಎಣಿಸಿದರು. ಮತ್ತೆ ಎಣಿಸಿದರು.

“ಕದಲಬೇಡ,” ಎಂದರು.

ಪೆನ್ಸಿಲು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. ಅವರು ಆ ನೆರಳನ್ನು ಇನ್ನೊಂದು ಸಲ, ಹೊಸ ಹಾಳೆಯ ಮೇಲೆ, ಮೊದಲಿನಷ್ಟೇ ನಿಧಾನವಾಗಿ ಬರೆದರು. ಕಾಲು ಗಂಟೆ ಹಿಡಿಯಿತು. ಬರೆದು ಮುಗಿಸಿ ಎರಡು ಹಾಳೆಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. ಹೆಚ್ಚು ಹೊತ್ತು ನೋಡುವ ಅಗತ್ಯವಿರಲಿಲ್ಲ.

“ಆಗ ಒಂದು ಸಲವಾದ್ರೂ ಕೈ ಬದಲಾಯಿಸಬಾರದಿತ್ತೇನೋ? ತುರಿಸ್ಕೊಳ್ಳಬಾರದಿತ್ತಾ?”

“ಕದಲಬೇಡ ಅಂದಿದ್ರಲ್ಲ ಭಾವ.”

ಅವರು ಎರಡು ಹಾಳೆಗಳನ್ನೂ ಸುತ್ತಿ ಚೀಲಕ್ಕೆ ಹಾಕಿದರು. ಆಗ ನಾನು ಕದಲದೆ ಕುಳಿತೆ, ಅಕ್ಕ ಸೂರ್ಯನ ಜೊತೆಗೇ ಕನ್ನಡಿ ತಿರುಗಿಸಿ ಬೆಳಕು ಅಲುಗದಂತೆ ಹಿಡಿದಳು, ಅವರು ಕಂಡದ್ದನ್ನು ಕಂಡ ಹಾಗೆ ಬರೆದರು. ಮೂವರಲ್ಲಿ ಒಬ್ಬರಾದರೂ ಕೆಲಸಗಳ್ಳರಾಗಿದ್ದಿದ್ದರೆ ಆ ಕೈ ಹುಟ್ಟುತ್ತಿರಲಿಲ್ಲ.

“ಕೈ ಸೋಲ್ತಿದೆ ರೀ! ಕಂಡಿತಾ ಇಲ್ವಾ?” ಎಂದು ಅಕ್ಕ ಹೊರಗಿನಿಂದ ಕೂಗಿದಳು.

“ಕಂಡಿತು,” ಎಂದರು ಭಾವ. “ಇಳಿಸು.”

ಗುರುವಾರ ಹನ್ನೊಂದಕ್ಕೆ ಅಧಿಕಾರಿ ಬಂದರು. ಕೆಲಸ ಬೇಗ ಮುಗಿಸಿ ಹೊರಡಬೇಕಾದ, ಸಭ್ಯ ಮನುಷ್ಯ. ಭಾವ ನಡೆದದ್ದನ್ನು ಅವರಿಗೂ ಮೇಸ್ತ್ರಿಗೂ ನಾಲ್ಕು ಮಾತಿನಲ್ಲಿ ಹೇಳಿ, ಎರಡು ಹಾಳೆಗಳನ್ನೂ ಮುಂದಿಟ್ಟು, ನನ್ನ ಕೈಯನ್ನು ಎತ್ತಿ ತೋರಿಸಲು ಹೇಳಿದರು. ಪರೀಕ್ಷೆಗೆ ತಂದ ಸಾಮಾನಿನ ಹಾಗೆ ನಾನು ಕೈ ಎತ್ತಿ ನಿಂತೆ.

ಅಧಿಕಾರಿ ಹಣೆ ಉಜ್ಜಿಕೊಂಡರು. “ಸರ್, ಇದು ನಮ್ಮ ನಾಲ್ಕು ಜನರ ನಡುವೆಯೇ ಇರಲಿ. ಉದ್ಘಾಟನೆ ಗೊತ್ತಾಗಿದೆ, ಕಾರ್ಡು ಅಚ್ಚಾಗಿದೆ. ನೀವು ಸಹಿ ಮಾಡಿ. ಮುಂದೆ ಯಾವಾಗಲಾದ್ರೂ ಒಂದು ಟಿಪ್ಪಣಿ ಹಾಕಿದ್ರಾಯ್ತು.”

“ಜನ ಬರೋದೇ ಈ ಕೈ ನೋಡೋಕೆ ಸರ್,” ಎಂದಳು ಮೇಸ್ತ್ರಿ. ಅವಳ ಮುಖ ಬಾಡಿತ್ತು. “ನೆರಳೇ ಇರಬಹುದು. ಆದ್ರೂ ಚೆನ್ನಾಗಿದೆಯಲ್ಲ?”

“ಚೆನ್ನಾಗಿದೆ. ನಾನೇ ಬರೆದದ್ದಲ್ವೇನಮ್ಮ?” ಎಂದರು ಭಾವ. “ಮೇಲಿನದು ಮುಚ್ಚಿದ ಮೇಲೆ ಕೇಳೋಣ ಅಂದ್ರೆ ಯಾರನ್ನ ಕೇಳ್ತೀರಿ? ಗೋಡೇನ ಕೇಳೋ ಹಾಗಿರಲ್ಲ. ನನ್ನ ಸಹಿ ಕೇಳ್ತೀರಿ. ಆ ಸಹಿ ಸುಳ್ಳು ಹೇಳಬಾರದು. ಬ್ಲೇಡ್ ಕೊಡು.”

“ನಾನು ತೆಗೀತೀನಿ ಸರ್.”

“ನೀನು ಬರೆದದ್ದು ನನ್ನ ತಪ್ಪು. ನಾನೇ ತೆಗೀತೀನಿ.”

ಅವರು ಅಟ್ಟಣಿಗೆಯ ಮೆಟ್ಟಿಲನ್ನು ಎರಡು ಕೈಯಲ್ಲೂ ಹಿಡಿದು ಹತ್ತಿದರು. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಬೆರಳುಗಳು ಒಂದೊಂದಾಗಿ ಪುಡಿಯಾಗಿ ಉದುರಿದವು. ಮೇಸ್ತ್ರಿ ಬೇರೆ ಕಡೆ ನೋಡಿದಳು. ಕೊನೆಗೆ ಬುದ್ಧನ ಬಲಗಡೆ ಮೇಲಿನ ಗುಹೆಯಲ್ಲಿದ್ದಷ್ಟೇ ಖಾಲಿ ಜಾಗ ಉಳಿಯಿತು. ಪಾತ್ರೆಗೆ ಆ ಕಡೆಯಿಂದ ಯಾರೂ ಏನೂ ಹಾಕುತ್ತಿರಲಿಲ್ಲ. ದಾನಿಗಳು ಎಡಗಡೆ ಮಾತ್ರ ಇದ್ದರು.

“ಇಲ್ಲಿ ಯಾವ ಬಣ್ಣ ಹಾಕಲಿ ಸರ್?”

“ಕೆಟ್ಟ ಗಾರೆಯ ಬಣ್ಣ. ಕಂಡ ಹಾಗೆ.”

ಅಧಿಕಾರಿ ಕಾಗದಗಳನ್ನು ಫೈಲಿನೊಳಗೆ ಜೋಡಿಸಿಕೊಂಡು, ನೇರವಾಗಿ ಭಾವನ ಮುಖ ನೋಡದೆ ಹೇಳಿದರು: “ಹಾಗಾದ್ರೆ ಬಾಗಿಲ ಕಲ್ಲು ಸದ್ಯಕ್ಕೆ ನಿಲ್ಲಿಸೋ ಹಾಗಿಲ್ಲ. ಅದರ ಮೇಲೆ ಕೆತ್ತಿರೋದು ಈ ಕೈಯ ವಿಷಯ. ಮತ್ತೆ… ಕ್ಷಮಿಸಿ, ಒಂದರಲ್ಲಿ ಹೀಗಾಗಿದೆ ಅಂದ್ರೆ ಉಳಿದ ನಲವತ್ತನ್ನೂ ಪರಿಶೀಲಿಸಬೇಕಾಗುತ್ತೆ.”

“ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳ್ತಿದ್ದೆ,” ಎಂದರು ಭಾವ. “ಗುಹೆ ಮುಚ್ಚೋದನ್ನ ಎರಡು ತಿಂಗಳು ಮುಂದೆ ಹಾಕಿ. ದಿನಕ್ಕೊಂದು ಗಂಟೆ ಬಿಸಿಲು ಸಿಗುತ್ತೆ, ದಿನಕ್ಕೊಂದು ಹಾಳೆ ನೋಡ್ತೀನಿ. ಮೋಡ ಬಂದ ದಿನ ಬಿಟ್ಟು.”

“ವಿದ್ಯುತ್ ದೀಪ ಇದೆಯಲ್ಲ ಸರ್, ಯಾವಾಗ ಬೇಕಾದ್ರೂ ನೋಡಬಹುದು.”

“ಗೋಡೆ ನೋಡೋಕೆ ದೀಪ ಸಾಕು. ತಪ್ಪು ನೋಡೋಕೆ ಅದೇ ಬೆಳಕು ಬೇಕು, ಅದೇ ಜನ ಬೇಕು.” ಆಮೇಲೆ ನನ್ನ ಕಡೆ ತಿರುಗಿ, ಎರಡು ದಿನಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು: “ಎರಡು ತಿಂಗಳು ಇರ್ತೀಯೋ, ಇಲ್ಲ ಬಸ್ ಹತ್ತೋ ಯೋಚನೆ ಇದೆಯೋ?”

“ಇರ್ತೀನಿ ಭಾವ.”

ಅಧಿಕಾರಿ ಸಂಜೆಯೊಳಗೆ ಅನುಮತಿ ಬರೆಸಿ ಕಳುಹಿಸಿದರು. ಶುಕ್ರವಾರ ಮೊದಲನೆಯ ಹಾಳೆಯನ್ನು ನೋಡಿದೆವು. ಅದರಲ್ಲಿದ್ದದ್ದು ಹೂಬಳ್ಳಿಗಳು, ಎರಡು ಬಾತುಕೋಳಿ; ತಪ್ಪು ಸಿಗಲಿಲ್ಲ. ಶನಿವಾರ ಎರಡನೆಯದು. ಅರ್ಧ ಗಂಟೆಯಾದ ಮೇಲೆ ಭಾವ ಪೆನ್ಸಿಲು ನಿಲ್ಲಿಸಿದರು.

“ಹಾಳೆಯಲ್ಲಿರೋ ಈ ಮೊಣಕೈ ಗೋಡೇಲಿ ಕಾಣ್ತಿಲ್ಲ. ಯಾರದು ಇದು?”

ಚೌಕಟ್ಟು ಹಿಡಿದುಕೊಂಡೇ ಕತ್ತು ತಿರುಗಿಸಿ ಹಾಳೆಯನ್ನು ನೋಡಿದೆ. “ನನ್ನದಲ್ಲ ಭಾವ. ಅದಕ್ಕೆ ಬಳೆ ಇದೆ.”

“ಬಳೆ ಇದ್ರೆ ನಿಮ್ಮಕ್ಕನದೂ ಆಗಿರಬಹುದು.”

“ನಾನು ಎರಡು ವರ್ಷ ಹೊರಗೇ ನಿಂತಿದ್ದೆ ಕಣ್ರೀ!” ಎಂಬ ಕೂಗು ಬಿಸಿಲಿನ ಜೊತೆ ಒಳಗೆ ಬಂತು. “ಒಂದು ದಿನ ಒಳಗೆ ಕರೆದು ತೋರಿಸಿದ್ದೀರಾ ಏನು ಬರೀತಿದ್ದೀರಿ ಅಂತ?”

ಭಾವ ನಗಲಿಲ್ಲ. ಆ ಚೌಕದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿ, ಮುಂದಿನ ಚೌಕಕ್ಕೆ ಹೋದರು.